ಇಂಜೆಕ್ಷನ್ ಬಿಟ್ಟ ಮೇಲೆ

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.)

ಮೂವತ್ತರ ಆಸುಪಾಸಿನ ದಂಪತಿ. ಮಗುವಿಗಾಗಿ ಒಂದೂವರೆ ವರ್ಷದಿಂದ ಕಾಯುತ್ತಿದ್ದರು. ಆಕೆಗೆ ಸ್ಕ್ಯಾನಿಂಗ್, ಹಾರ್ಮೋನು ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಮುಗಿದ ಮೇಲೆ, ಕೊನೆಗೆ ಆತನ ಪರೀಕ್ಷೆ. (ಈ ಸರದಿ ಎಷ್ಟು ಮಾಮೂಲಾಗಿದೆ ಎಂದರೆ ಯಾರೂ ಪ್ರಶ್ನಿಸುವುದೇ ಇಲ್ಲ.) ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ಆತನ ಮೈಕಟ್ಟು ನೋಡಿ ವೈದ್ಯರು ನೇರವಾಗಿ ಕೇಳಿದಾಗ ವಿಷಯ ಹೊರಬಿತ್ತು: ಎರಡು ವರ್ಷದಿಂದ ವಾರಕ್ಕೆ 500 ಮಿಲಿಗ್ರಾಂ ಟೆಸ್ಟೋಸ್ಟಿರೋನ್ (ಗಂಡಸರ ಹಾರ್ಮೋನು, ಮೈ ಬೆಳೆಸಲು ಬಳಸುವ ಸ್ಟೀರಾಯ್ಡ್) ಚುಚ್ಚಿಕೊಳ್ಳುತ್ತಿದ್ದ. ಸ್ಪರ್ಧೆ ಗಿರ್ಧೆ ಏನೂ ಇಲ್ಲ. ಕಾಲೇಜಿನಲ್ಲಿ 'ಕಡ್ಡಿ ಪೈಲ್ವಾನ್' ಅನ್ನಿಸಿಕೊಂಡಿದ್ದನಂತೆ, ಅಷ್ಟೇ.

ರಿಪೋರ್ಟ್ ಬಂದ ದಿನವೇ ನಿಲ್ಲಿಸಿದ. ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ಅದಾಗಿ ಎರಡು ತಿಂಗಳಿಗೆ, ಮತ್ತೆ ಶುರು ಮಾಡಬೇಕೆಂಬ ಯೋಚನೆಯೊಂದಿಗೆ.

"ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ ಮೇಡಂ. ಇವಳ ಹತ್ತಿರ ಹೋಗೋ ಮನಸ್ಸೂ ಇಲ್ಲ. ನಾನು ನಿಜವಾಗ್ಲೂ ಇಷ್ಟೇ ಅಂತ ಈಗ ಗೊತ್ತಾಯ್ತು. ಉಳಿದಿದ್ದೆಲ್ಲ ಸೂಜೀದು."

ನನ್ನ ಕೆಲಸವೆಲ್ಲ ಈ ಮಾತಿನ ಮೇಲೇ ನಡೆಯಬೇಕಿತ್ತು. "ಚುಚ್ಚಿಕೊಳ್ಳೋದಕ್ಕೆ ಮುಂಚೆ ಬೆಳಿಗ್ಗೆ ಏಳೋಕಾಗ್ತಿತ್ತಾ?" ಎಂದು ಕೇಳಿದೆ. "ಆರಕ್ಕೇ ಎದ್ದು ಓಡೋಕೆ ಹೋಗ್ತಿದ್ದೆ" ಎಂದ. ಹಾಗಾದರೆ ಈಗಿನ ಈ ಮನುಷ್ಯ ಆಗಲೂ ಇರಲಿಲ್ಲವಲ್ಲ!

ಹೊರಗಿನಿಂದ ಹಾರ್ಮೋನು ಧಾರಾಳವಾಗಿ ಬರುತ್ತಿದ್ದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ 'ಕೆಲಸ ಮಾಡಿ' ಎಂದು ಹೇಳುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ಸ್ವಂತ ಟೆಸ್ಟೋಸ್ಟಿರೋನೂ ಇಲ್ಲ, ವೀರ್ಯಾಣುವೂ ಇಲ್ಲ. 1990ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದರಲ್ಲಿ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಎನಾಂಥೇಟನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿದ್ದರು. ಈತ ತೆಗೆದುಕೊಳ್ಳುತ್ತಿದ್ದದ್ದು ಅದರ ಎರಡೂವರೆ ಪಟ್ಟು. ಇಂಜೆಕ್ಷನ್ ನಿಂತ ಕೆಲವೇ ವಾರಗಳಲ್ಲಿ ಹೊರಗಿನದು ಖಾಲಿಯಾಗುತ್ತದೆ, ಒಳಗಿನದು ಚೇತರಿಸಿಕೊಳ್ಳಲು ಎಷ್ಟೋ ತಿಂಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಸುಸ್ತು, ಕುಗ್ಗಿದ ಆಸೆ, ಖಿನ್ನತೆ ಎಲ್ಲವೂ ಈ ನಡುವಿನ ಬರಗಾಲದವು. ಅದನ್ನು ತನ್ನ ಸ್ವಭಾವವೆಂದು ನಂಬಿದವನು ಮತ್ತೆ ಸೂಜಿ ಹಿಡಿಯುತ್ತಾನೆ. ಒಂದೆರಡು ವಾರದಲ್ಲಿ ಹುರುಪು ಬಂದುಬಿಟ್ಟರೆ ಅವನ ನಂಬಿಕೆಗೆ ಸಾಕ್ಷಿಯೂ ಸಿಕ್ಕಂತಾಯಿತು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ಬಿಡಿಸಿ ಕೇಳಿದೆ. ಸ್ಟೀರಾಯ್ಡ್ ಬಿಟ್ಟವರನ್ನು ಇದನ್ನು ಕೇಳದೆ ಕಳಿಸಬಾರದು. "ಬಂದಿತ್ತು, ಹೇಗೆ ಅಂತೆಲ್ಲ ಯೋಚಿಸಿಲ್ಲ" ಎಂದ. ಅದೇ ವಾರ ಮನೋವೈದ್ಯರನ್ನೂ ಎಂಡೋಕ್ರಿನಾಲಜಿಸ್ಟರನ್ನೂ (ಹಾರ್ಮೋನು ತಜ್ಞರು) ಕಾಣುವುದು, ಕತ್ತಲೆ ಕವಿದ ರಾತ್ರಿ ಯಾರಿಗೆ ಫೋನ್ ಮಾಡುವುದು, ಇವೆರಡನ್ನೂ ಆತ ಎದ್ದು ಹೋಗುವ ಮುಂಚೆಯೇ ಗೊತ್ತುಮಾಡಿಕೊಂಡೆವು.

ಜಿಮ್ಮಿನ 'ಕೋಚ್' ಆಗಲೇ ಒಂದು ಪಿಸಿಟಿ (ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಸ್ವಂತ ಹಾರ್ಮೋನು ಮರಳಿಸಲೆಂದು ತೆಗೆದುಕೊಳ್ಳುವ ಔಷಧಿಗಳ) ಪಟ್ಟಿ ಕಳಿಸಿದ್ದ: ಕ್ಲೋಮಿಫೀನ್, ಟಮಾಕ್ಸಿಫೆನ್, ಅದಕ್ಕೂ ಬಗ್ಗದಿದ್ದರೆ 'ಕ್ರೂಸ್', ಅಂದರೆ ಕಡಿಮೆ ಡೋಸಿನಲ್ಲಿ ಟೆಸ್ಟೋಸ್ಟಿರೋನ್ ಮುಂದುವರಿಸುವುದು. ಈ ಔಷಧಿಗಳನ್ನು ವೈದ್ಯರೂ ಕೆಲವೊಮ್ಮೆ ಕೊಡುತ್ತಾರೆ, ಆದರೆ ರಕ್ತಪರೀಕ್ಷೆ ನೋಡಿ. ಕ್ರೂಸ್ ಎಂದರೆ ಮುಚ್ಚಿದ ಅಂಗಡಿಯನ್ನು ಮುಚ್ಚಿಯೇ ಇಡುವುದು. ಪಟ್ಟಿಯನ್ನು ಹಾಗೇ ವೈದ್ಯರಿಗೆ ತೋರಿಸು, ಮಾತ್ರೆಗಳ ಹೆಸರು ಮುಚ್ಚಿಡಬೇಡ, ಹೃದಯದ ಎಕೋ, ಕೊಲೆಸ್ಟರಾಲ್, ಯಕೃತ್ತು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಬಗ್ಗೆಯೂ ಕೇಳು ಎಂದೆ. ಸ್ಟೀರಾಯ್ಡು ಹೃದಯದ ಗೋಡೆಯನ್ನು ದಪ್ಪಗಾಗಿಸಬಲ್ಲದು, ರಕ್ತವನ್ನು ಗಟ್ಟಿಯಾಗಿಸಬಲ್ಲದು. ತೋಳು ನೋಡಿದರೆ ಅದು ತಿಳಿಯುವುದಿಲ್ಲ.

ಜಿಮ್ ಬಿಡಬೇಕೆಂದು ಹೇಳಲಿಲ್ಲ. ತೋಳಿನ ಸುತ್ತಳತೆ, ದಿನದಿನದ ಫೋಟೋ ಮಾತ್ರ ಬೇಡವೆಂದೆ. ಅಂಗಿ ಹರಿಯುವಷ್ಟು ಬೆಳೆದಾಗಲೂ ತಾನು ಸಣಕಲನೆಂದೇ ಕಾಣುತ್ತಿತ್ತಂತೆ. ಇದಕ್ಕೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ. ಇನ್ನಷ್ಟು ಮಾಂಸಖಂಡ ಸೇರಿಸಿದರೆ ವಾಸಿಯಾಗುವಂಥದ್ದಲ್ಲ. ಕೆಲವು ಕಿಲೋ ಇಳಿದೇ ಇಳಿಯುತ್ತದೆ ಎಂದು ಮೊದಲೇ ಹೇಳಿಟ್ಟೆ. ಹೇಳದಿದ್ದರೆ ಇಳಿದ ದಿನವೇ ಕೋಚ್‌ಗೆ ಫೋನ್ ಹೋಗುತ್ತದೆ.

ಆಕೆಯನ್ನು ಬೇರೆಯಾಗಿ ಕಂಡೆ. "ನನ್ನ ಕೈಗೆ ಎಷ್ಟು ಸಲ ಸೂಜಿ ಚುಚ್ಚಿದ್ರು ಅಂತ ಇವರಿಗೆ ಗೊತ್ತಿತ್ತು ಮೇಡಂ. ಅತ್ತೆ ಏನೇನಂದ್ರು ಅಂತಾನೂ ಗೊತ್ತಿತ್ತು. ಪಕ್ಕದಲ್ಲೇ ಕೂತು ಸುಮ್ಮನಿದ್ರು." ಆತನಿಗೆ ಹುಷಾರಿಲ್ಲದಿರುವುದರಿಂದ ತಾನು ಸಿಟ್ಟು ಮಾಡಬಾರದೆಂದು ಆಕೆಗೆ ಯಾರೋ ಬುದ್ಧಿ ಹೇಳಿದ್ದರು. ಸಿಟ್ಟು ನಿಮ್ಮದು, ನ್ಯಾಯವಾದದ್ದು. ಆತನ ಬೀರು ತಪಾಸಣೆ ಮಾಡುವ ಕಾವಲುಗಾರ್ತಿಯ ಕೆಲಸ ಮಾತ್ರ ನಿಮ್ಮದಲ್ಲ ಎಂದೆ. ಆತನಿಗೆ ಹೇಳಿದ್ದು ಇಷ್ಟೇ: ಆಕೆಯ ಮುಂದೆ ಅತ್ತು ಕ್ಷಮೆ ಕೇಳುವುದು ಆಮೇಲೆ, ಮೊದಲು ನಿಮ್ಮ ಅಮ್ಮನಿಗೆ 'ತೊಂದರೆ ಇರೋದು ನನ್ನಲ್ಲಿ' ಎಂದು ನೀವೇ ಹೇಳಿ. ಔಷಧಿಯ ಕಥೆ ಹೇಳುವುದು ಬಿಡುವುದು ನಿಮ್ಮಿಷ್ಟ.

ಅದಕ್ಕೆ ಆತ ಒಂದು ತಿಂಗಳು ತೆಗೆದುಕೊಂಡ. ಹೇಳಿದ.

ನಿಲ್ಲಿಸಿ ಎಂಟನೇ ತಿಂಗಳ ಹೊತ್ತಿಗೆ ಟೆಸ್ಟೋಸ್ಟಿರೋನ್ ಸಹಜ ಮಿತಿಯ ಕೆಳಅಂಚು ಮುಟ್ಟಿತ್ತು, ವೀರ್ಯಾಣು ಅಲ್ಲೊಂದು ಇಲ್ಲೊಂದು ಕಾಣಿಸಿತ್ತು. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಬೇಕಾದ್ದರಿಂದ ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಐವಿಎಫ್ ಮಾತು ಬೇಡವೆಂದು ಆಕೆಯೇ ತೀರ್ಮಾನಿಸಿದ್ದಾಳೆ.