ಗೇನ್ 10ಕ್ಕೆ ಇಟ್ಟರೂ ಟ್ರೇಲರ್ ಬ್ರೇಕ್ ಹಿಡಿಯದಿದ್ದರೆ

ಬ್ರೇಕ್ ಕಂಟ್ರೋಲರ್‌ನ ಗೇನ್ (ಟ್ರೇಲರ್‌ನ ವಿದ್ಯುತ್ ಬ್ರೇಕಿಗೆ ಟ್ರಕ್ಕಿನಿಂದ ಎಷ್ಟು ಕರೆಂಟ್ ಹೋಗಬೇಕು ಅನ್ನುವ ಸೆಟ್ಟಿಂಗ್) 10ಕ್ಕೆ ಇಟ್ಟರೂ ಎರಡು ಆಕ್ಸಲ್‌ನ ಕ್ಯಾಂಪರ್ ಟ್ರೇಲರ್ ಹಿಂದಿನಿಂದ ಟ್ರಕ್ಕನ್ನು ತಳ್ಳುತ್ತದೆ, ಹೊಸ ಕಂಟ್ರೋಲರ್ ತರಲಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಶೂ, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಪಟ್ಟಿಗಳನ್ನು, ಅಡ್ಜಸ್ಟ್ ಮಾಡಿ. ಶೂ ಸವೆದಷ್ಟೂ ಡ್ರಮ್‌ಗೂ ಅದಕ್ಕೂ ಅಂತರ ಜಾಸ್ತಿಯಾಗುತ್ತದೆ, ಆಗ ಕರೆಂಟ್ ಎಷ್ಟು ಕೊಟ್ಟರೂ ಹಿಡಿತ ಸಾಲುವುದಿಲ್ಲ.

ಟ್ರೇಲರನ್ನು ಟ್ರಕ್ಕಿಗೆ ಕಟ್ಟಿಯೇ ಇಡಿ, ಉಳಿದ ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಫ್ರೇಮ್‌ಗೆ ಕೊಡಿ, ಆಕ್ಸಲ್‌ಗೆ ಬೇಡ, ಬಾಗುತ್ತದೆ. ಡ್ರಮ್ ಹಿಂದಿನ ತಟ್ಟೆಯ ಕೆಳಭಾಗದಲ್ಲಿ ರಬ್ಬರ್ ಮುಚ್ಚಿದ ಸಣ್ಣ ಕಿಂಡಿ ಇರುತ್ತದೆ. ಅದರೊಳಗಿನ ಹಲ್ಲಿನ ಚಕ್ರವನ್ನು ಅಗಲ ಬಾಯಿಯ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಟೈರನ್ನು ಮುಂದಕ್ಕೆ ಮಾತ್ರ ತಿರುಗಿಸುತ್ತಿರಿ. ಅದು ಬಿಗಿಯಾಗಿ ತಿರುಗಲು ಕಷ್ಟವಾದಾಗ ಹಲ್ಲಿನ ಚಕ್ರವನ್ನು ಸುಮಾರು 10 ಹಲ್ಲು ಹಿಂದಕ್ಕೆ ಬಿಡಿ. ಶೂ ಸಣ್ಣಗೆ ಉಜ್ಜುವ ಸದ್ದು ಬಂದರೆ ಸರಿ. ನಾಲ್ಕೂ ಚಕ್ರಕ್ಕೆ ಮಾಡಿ. ಒಮ್ಮೆ ನಾನು ಮೂರಕ್ಕೇ ಸುಸ್ತಾಗಿ ಬಿಟ್ಟಿದ್ದೆ, ಬ್ರೇಕ್ ಒತ್ತಿದಾಗ ಟ್ರೇಲರ್ ಒಂದು ಪಕ್ಕಕ್ಕೆ ಎಳೆಯಿತು! ನಿಮ್ಮದು ತಾನೇ ಅಡ್ಜಸ್ಟ್ ಆಗುವ ಬಗೆಯಾದರೆ ಇದು ಬೇಕಿಲ್ಲ.

ಆಮೇಲೂ ಹಿಡಿಯದಿದ್ದರೆ ಮ್ಯಾಗ್ನೆಟ್‌ನ (ಕರೆಂಟ್ ಬಂದಾಗ ಶೂಗಳನ್ನು ಡ್ರಮ್‌ಗೆ ಒತ್ತಿಸುವ ವಿದ್ಯುತ್ ಅಯಸ್ಕಾಂತ) ಎರಡೂ ವೈರ್ ಬಿಚ್ಚಿ ಓಮ್ ಅಳೆಯುವ ಮೀಟರ್ ಇಡಿ. 10 ಅಥವಾ 12 ಇಂಚಿನ ಡ್ರಮ್ ಆದರೆ 3ರಿಂದ 4 ಓಮ್ ತೋರಿಸಬೇಕು. ಸರಿಯಿದ್ದರೆ ಗ್ರೌಂಡ್ ವೈರ್‌ನ ಜೋಡಣೆ ತುಕ್ಕು ಹಿಡಿದಿದೆಯಾ ನೋಡಿ. ಶೂಗೆ ಗ್ರೀಸ್ ತಾಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಒಂದು ಮಾತು: ಅಡ್ಜಸ್ಟ್ ಮಾಡಿದ ಮೇಲೆ ಗೇನ್ 10ರಲ್ಲೇ ಬಿಟ್ಟರೆ ಚಕ್ರ ಲಾಕ್ ಆಗುತ್ತದೆ. 4ಕ್ಕೆ ಇಳಿಸಿ, ಖಾಲಿ ಜಾಗದಲ್ಲಿ ಗಂಟೆಗೆ 25 ಮೈಲಿಯಲ್ಲಿ ಕಂಟ್ರೋಲರ್‌ನ ಕೈ ಲಿವರ್ ಒತ್ತುತ್ತಾ ಸ್ವಲ್ಪ ಸ್ವಲ್ಪ ಏರಿಸಿ.