ಹಿತ್ತಿಲಿಗೆ ಮಾಗಳಿ, ಅಂಗಳಕ್ಕೆ ಅಡೇನಿಯಂ

ಪ್ರಶ್ನೆ: ಕೊಪ್ಪಳದಲ್ಲಿ 30×40ರ ನಿವೇಶನದಲ್ಲಿ ಮನೆ ಕಟ್ಟಿಸಿದ್ದೇವೆ. ಮುಂದೆ ಪಶ್ಚಿಮದ ಬಿಸಿಲು ಬೀಳುವ ಸಣ್ಣ ಅಂಗಳ, ಹಿಂದೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಮೂರು ಅಡಿ ಅಗಲದ ಜಾಗ ಉಳಿದಿದೆ. ಮಣ್ಣು ಕೆಂಪು, ಎರಡು ಅಡಿ ಅಗೆದರೆ ಗರಸು ಸಿಗುತ್ತದೆ. ನಮ್ಮ ಅತ್ತೆ ಮೈಸೂರು ಕಡೆಯವರು, ಉಪ್ಪಿನಕಾಯಿಗೆ ಮಾಗಳಿ ಬೇರಿನ ಬಳ್ಳಿ ಹಾಕು ಎನ್ನುತ್ತಾರೆ. ಮಗನಿಗೆ ಅಡೇನಿಯಂ ಬೇಕು. ಅದು ಮರುಭೂಮಿಯ ಗಿಡ, ನೀರೇ ಬೇಡವಂತೆ. ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತದೆ. ಒಂದನ್ನು ಮಾತ್ರ ಸಾಕಬಲ್ಲೆ. ಯಾವುದು ಒಳ್ಳೆಯದು?
– ಓದುಗರು, ಕೊಪ್ಪಳ

ಉತ್ತರ: ಒಂದೇ ಎಂದು ಹಟ ಹಿಡಿದರೆ ನನ್ನ ಮತ ನಿಮ್ಮ ಅತ್ತೆಯವರಿಗೆ. ಮಾಗಳಿ ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ, ಬಂಡೆಗಳ ಸಂದಿಯಲ್ಲಿ ಬೇರಿಳಿಸುವ ಬಳ್ಳಿ. ಕೆಂಪು ಮಣ್ಣು, ಕೆಳಗೆ ಗರಸು, ಹಬ್ಬಲು ಒಂದು ಗೋಡೆ ಇಷ್ಟಿದ್ದರೆ ಅದಕ್ಕೆ ತವರುಮನೆ ಸಿಕ್ಕಂತೆ. ಆದರೆ ಒಂದನ್ನು ಮಾತ್ರ ಸಾಕಬಲ್ಲೆ ಎಂಬ ನಿಮ್ಮ ಲೆಕ್ಕವನ್ನು ಸ್ವಲ್ಪ ತಿದ್ದಬೇಕು. ಮಾಗಳಿ ನೆಲದ ಬಳ್ಳಿ, ಅಡೇನಿಯಂ ಕುಂಡದ ಗಿಡ. ಎರಡಕ್ಕೂ ಸೇರಿ ಬೇಕಾಗುವ ನೀರು ಒಂದು ಮಲ್ಲಿಗೆ ಗಿಡ ಬೇಸಿಗೆಯಲ್ಲಿ ಕುಡಿಯುವುದಕ್ಕಿಂತ ಹೆಚ್ಚಲ್ಲ.

ಅತ್ತೆಯ ಬಳ್ಳಿ ಮತ್ತು ಮೊಮ್ಮಗನ ಗಿಡ ನಿಜವಾಗಿ ದಾಯಾದಿಗಳು. ಮಾಗಳಿ, ಅಡೇನಿಯಂ, ಪೂಜೆಗೆ ಕೊಯ್ಯುವ ಕಣಗಿಲೆ, ದಾರಿ ಬದಿಯ ಎಕ್ಕ ಎಲ್ಲವೂ ಅಪೋಸೈನೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿವೆ. ಕುಡಿ ಚಿವುಟಿದರೆ ಎಲ್ಲದರಲ್ಲೂ ಹಾಲು ಒಸರುತ್ತದೆ. ಮಾಗಳಿ, ಅಡೇನಿಯಂ ಎರಡರ ಕಾಯಿಯೂ ಎತ್ತಿನ ಕೊಂಬಿನ ಹಾಗೆ ಜೋಡಿಯಾಗಿ ಬರುತ್ತದೆ. ಒಣಗಿ ಬಿರಿದರೆ ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜ ಗಾಳಿಗೆ ಹಾರುತ್ತದೆ. ಮಾಗಳಿ ಬೀಜಕ್ಕೆ ಒಂದೇ ತುದಿಯಲ್ಲಿ ಜುಟ್ಟು, ಅಡೇನಿಯಂ ಬೀಜಕ್ಕೆ ಎರಡೂ ತುದಿಯಲ್ಲಿ. ಮಣ್ಣಿನೊಳಗೆ ಎರಡಕ್ಕೂ ದಪ್ಪ ಬೇರು.

ನನಗೆ ಆತಂಕವಾಗುವುದು ಈ ಕೊನೆಯ ಹೋಲಿಕೆಯಿಂದ. ಮಾಗಳಿಯ ಬೇರನ್ನು ಉಪ್ಪಿನಕಾಯಿ ಹಾಕುತ್ತೇವೆ. ಅಡೇನಿಯಂನ ಹಾಲಿನಲ್ಲಿ, ಬೇರಿನಲ್ಲಿ, ಕಾಂಡದಲ್ಲಿ ಇರುವುದು ಹೃದಯದ ಬಡಿತವನ್ನು ಕೆಡಿಸುವ ವಿಷ. ಅದರ ಮೂಲನೆಲವಾದ ಆಫ್ರಿಕಾದಲ್ಲಿ ಬೇಟೆಗಾರರು ಬಾಣದ ತುದಿಗೆ ಬಳಿಯುತ್ತಿದ್ದುದು ಇದೇ ರಸವನ್ನು. ಕಣಗಿಲೆ ವಿಷವೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅಡೇನಿಯಂ ಹೊಸ ನೆಂಟ, ಮೇಲಾಗಿ ಚೆಲುವ; ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಪಾತಿಯಲ್ಲಿ ನೆಡಲೇಬೇಡಿ. ಮಾಗಳಿ ಹಿತ್ತಿಲಲ್ಲಿರಲಿ, ಅಡೇನಿಯಂ ಅಂಗಳದ ಕುಂಡದಲ್ಲಿರಲಿ. ಸವರುವಾಗ ಮಗನ ಕೈಗೆ ಕೈಗವಸು ಇರಲಿ, ಆ ಕತ್ತರಿ ಅಡುಗೆಮನೆಗೆ ಹೋಗದಿರಲಿ. ತೆವಳುವ ಮಗು ಮನೆಯಲ್ಲಿದ್ದರೆ ಸದ್ಯಕ್ಕೆ ಅಡೇನಿಯಂ ತರಲೇಬೇಡಿ.

ಈಗ ಮಾಗಳಿ ನೆಡುವ ಮಾತು. ಮೇ ಕೊನೆಯಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ದಪ್ಪ ಮರಳನ್ನೂ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಿ. ಎರಡು ಹದ ಮಳೆ ಬಿದ್ದ ಮೇಲೆ ಸಸಿ ಇಡಿ. ಗೋಡೆಗೆ ತಂತಿ ಎಳೆದುಕೊಟ್ಟರೆ ಹತ್ತುತ್ತದೆ. ಮೊದಲ ಬೇಸಿಗೆಯಲ್ಲಿ ಮಾತ್ರ ವಾರಕ್ಕೊಂದು ಕೊಡ ನೀರು ಬೇಕು, ಅಕ್ಕಿ, ತರಕಾರಿ ತೊಳೆದ ನೀರಾದರೂ ಸಾಕು. ಆಮೇಲೆ ಬೇರು ಗರಸಿಗೆ ಇಳಿದು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ಮೊದಲ ವರ್ಷ ನೀವು ನಿರಾಶರಾಗುವುದು ಖಂಡಿತ. ಮೇಲೆ ನಾಲ್ಕು ಎಲೆ, ಒಂದು ಸಣಕಲು ಕುಡಿ, ಅಷ್ಟೇ ಕಾಣುತ್ತದೆ. ಅಗೆದು ನೋಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಮೂರನೆಯ ವರ್ಷದವರೆಗೆ ಬೇರು ಮುಟ್ಟಬಾರದು. ಮುಟ್ಟುವಾಗಲೂ ಚಳಿಗಾಲದಲ್ಲಿ ಬುಡದ ಒಂದು ಬದಿ ಮಾತ್ರ ಬಿಡಿಸಿ, ಹೆಬ್ಬೆರಳು ಗಾತ್ರದ ಬೇರುಗಳನ್ನು ಕೊಯ್ದುಕೊಂಡು ಮತ್ತೆ ಮಣ್ಣು ಮುಚ್ಚಿ. ಇನ್ನೊಂದು ಬದಿ ಬರುವ ವರ್ಷಕ್ಕಿರಲಿ. ಬುಡವನ್ನೇ ಕಿತ್ತವರಿಗೆ ಒಂದೇ ಭರಣಿ ಉಪ್ಪಿನಕಾಯಿ. ಸಿಪ್ಪೆ ಹೆರೆದು ಸೀಳಿ ನಡುವಿನ ನಾರುಗಟ್ಟಿಗೆಯನ್ನು ತೆಗೆಯುವುದು, ನಿಂಬೆಹುಳಿಗೆ ಹಾಕಬೇಕೋ ಮಜ್ಜಿಗೆಗೆ ಹಾಕಬೇಕೋ ಎಂಬುದು ನಿಮ್ಮ ಅತ್ತೆಯವರಿಗೆ ಬಿಟ್ಟದ್ದು. ಅದರಲ್ಲಿ ಬಾಯಿ ಹಾಕುವ ಧೈರ್ಯ ನನಗಿಲ್ಲ. ಹೆರೆಯುವಾಗ ಮನೆಯೆಲ್ಲ ಹರಡುವ ಆ ಪರಿಮಳ ಐಸ್‌ಕ್ರೀಮಿನ ವೆನಿಲ್ಲಾವನ್ನು ನೆನಪಿಸಿದರೆ ಅದು ನಿಮ್ಮ ಭ್ರಮೆಯಲ್ಲ. ಬೇರಿನ ಸುವಾಸನೆಯ ರಾಸಾಯನಿಕ ಮತ್ತು ವೆನಿಲ್ಲಾದ ವೆನಿಲಿನ್ ಎರಡರಲ್ಲೂ ಇರುವ ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಇದೇ ಬೇರಿನ ಸಾರ ಕಾಳಿಗೆ ಬೀಳುವ ಹುಳುಗಳನ್ನು ಕೊಲ್ಲುತ್ತದೆ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಪರೀಕ್ಷಿಸಿ ತೋರಿಸಿದ್ದಾರೆ.

ಸಸಿಯನ್ನು ನರ್ಸರಿಯಿಂದಲೇ ತನ್ನಿ. ಗುಡ್ಡದಿಂದ ಅಗೆದು ತಂದು ಮಾರುವವರಿಂದ ಕೊಳ್ಳಬೇಡಿ. ಉಪ್ಪಿನಕಾಯಿಗೂ ಔಷಧಿಗೂ ಬುಡಸಮೇತ ಕಿತ್ತು ಕಿತ್ತು ಈ ಬಳ್ಳಿ ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಕಾಡಿನಿಂದ ಬುಡ ಮುರಿದು ತಂದದ್ದು ಮನೆಯಲ್ಲಿ ಬದುಕುವುದೂ ಅಪರೂಪ.

ಮಗನ ಗಿಡಕ್ಕೆ ಒಂದೇ ತಿದ್ದುಪಡಿ: ನೀರೇ ಬೇಡವೆಂಬುದು ಸುಳ್ಳು. ಮಾರ್ಚ್‌ನಿಂದ ಮೇವರೆಗೆ, ಹೂ ಬಿಡುವ ಕಾಲದಲ್ಲಿ, ಕುಂಡದ ಮೇಲ್ಮಣ್ಣು ಒಣಗಿದಾಗಲೆಲ್ಲ ನೀರು ಕೊಡಬೇಕು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿದಾಗ ನೀರಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು.

ಪ್ರಶ್ನೆ: ನಮ್ಮದು ಎರೆ ಮಣ್ಣು, ಕಾಲುವೆ ಹತ್ತಿರ, ಬೋರ್‌ವೆಲ್ ನೀರು ಸವಳು. ಇಲ್ಲಿ ಮಾಗಳಿ ಬರುತ್ತದೆಯೇ?
– ಓದುಗರು, ಸಿರುಗುಪ್ಪ

ಉತ್ತರ: ಬರುವುದಿಲ್ಲ. ಸಿಂಧನೂರಿನ ಗೆಳೆಯರೊಬ್ಬರ ಹಿತ್ತಿಲಲ್ಲಿ ನಾನೇ ಮುಂದೆ ನಿಂತು ಎರೆಯಲ್ಲಿ ನೆಡಿಸಿದ್ದೆ. ಸೆಪ್ಟೆಂಬರ್‌ ಮಳೆಗೆ ಮಣ್ಣು ನೀರು ಹಿಡಿದು ನಿಂತಿತು, ದೀಪಾವಳಿಗೆ ಎಳೆದರೆ ಕೊಳೆತ ಬುಡ ಕೈಗೆ ಬಂತು. ಗೆಳೆಯರು ಇಂದಿಗೂ ಅದನ್ನು ಮರೆತಿಲ್ಲ. ನಿಮ್ಮಲ್ಲಿ ಕುಂಡದ ಅಡೇನಿಯಂ ಸಾಕು, ಅದಕ್ಕೂ ಆದಷ್ಟು ಮಳೆ ನೀರು ಹಿಡಿದಿಟ್ಟು ಕೊಡಿ.

ಪ್ರಶ್ನೆ: ಎರಡು ವರ್ಷ ಚೆನ್ನಾಗಿದ್ದ ಅಡೇನಿಯಂನ ದಪ್ಪ ಬುಡ ಮಳೆಗಾಲದಲ್ಲಿ ಮೆತ್ತಗಾಗಿದೆ. ಉಳಿಸಬಹುದೇ?
– ಓದುಗರು, ರಾಯಚೂರು

ಉತ್ತರ: ಇಂದೇ ಕುಂಡದಿಂದ ತೆಗೆಯಿರಿ. ಮಣ್ಣು ತೊಳೆದು, ಮೆತ್ತಗಿರುವ ಭಾಗವನ್ನು ಹರಿತವಾದ ಚಾಕುವಿನಿಂದ ಗಟ್ಟಿ, ಬಿಳಿ ತಿರುಳು ಕಾಣುವವರೆಗೆ ಕೆತ್ತಿ. ಕಂದು ಕಲೆ ಕಂಡರೆ ಇನ್ನೂ ಕೆತ್ತಬೇಕು, ಕನಿಕರ ಬೇಡ. ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಸವರಿ, ಒಂದು ವಾರದಿಂದ ಹತ್ತು ದಿನ ನೆರಳಿನಲ್ಲಿ ಬರಿಗಿಡವನ್ನೇ ತೂಗುಹಾಕಿ. ಗಾಯ ಒಣಗಿ ಬಿರುಸಾದ ಮೇಲೆ ಅರ್ಧದಷ್ಟು ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಉಳಿದದ್ದು ಕೆಂಪು ಮಣ್ಣು, ಗೊಬ್ಬರ ಇರುವ ಅಗಲ ಬಾಯಿಯ ಕುಂಡಕ್ಕೆ ಕೂರಿಸಿ. ಮತ್ತೊಂದು ವಾರ ನೀರು ಹಾಕಬೇಡಿ. ನಮ್ಮ ಭಾಗದಲ್ಲಿ ವರ್ಷವೆಲ್ಲ ಬೀಳುವುದು 500–600 ಮಿಲಿಮೀಟರ್ ಆಸುಪಾಸಿನ ಮಳೆ, ಆದರೆ ಸೆಪ್ಟೆಂಬರ್‌ನಲ್ಲಿ ಒಮ್ಮೆ ಜಡಿ ಹಿಡಿದರೆ ಅಷ್ಟೇ ಸಾಕು ಇದನ್ನು ಕೊಳೆಸಲು. ಆ ತಿಂಗಳು ಕುಂಡ ಸೂರಿನ ಕೆಳಗಿರಲಿ.

ಪ್ರಶ್ನೆ: ಬೇಸಿಗೆಯಲ್ಲಿ ಕುಡಿಯುವ ನನ್ನಾರಿ ಶರಬತ್ತಿನ ಬೇರು ಮತ್ತು ಮಾಗಳಿ ಒಂದೇ ಅಲ್ಲವೇ?
– ಓದುಗರು, ಬಳ್ಳಾರಿ

ಉತ್ತರ: ಅಲ್ಲ, ಆದರೆ ಗೊಂದಲಕ್ಕೆ ಕಾರಣವಿದೆ. ನಿಜವಾದ ನನ್ನಾರಿ ಎಂದರೆ ನಮ್ಮ ಸೊಗದೆ ಬೇರು, ನಾಮದ ಬೇರು ಎಂದೂ ಕರೆಯುತ್ತಾರೆ. ಎಲೆ ಸಪೂರ, ನಡುನರದ ಗುಂಟ ಬಿಳಿ ಛಾಯೆ, ಬೇರು ತಂತಿಯಷ್ಟು ತೆಳು. ಮಾಗಳಿಯ ಎಲೆ ಅಗಲ, ಬೇರು ದಪ್ಪ ಮತ್ತು ರಸಭರಿತ. ಪರಿಮಳ ಹತ್ತಿರ ಹತ್ತಿರ ಒಂದೇ ಆದ್ದರಿಂದ ಅಂಗಡಿಗಳಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾಗುವುದುಂಟು. ಶರಬತ್ತಷ್ಟೇ ಬೇಕಿದ್ದರೆ ಸೊಗದೆಯನ್ನೇ ಹಾಕಿ. ಹದಿನಾಲ್ಕು ಅಂಗುಲದ ಕುಂಡದಲ್ಲೂ ಬರುತ್ತದೆ.