ಬಂದೂಕಿಲ್ಲದ ಬಾಂಬರ್

ನಮಸ್ಕಾರ. ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಮಾಸ್ಕಿಟೋ ಬಗ್ಗೆ ಹೋದ ಸಂಚಿಕೆಯ ಬರಹ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಒಂದೇ ಒಂದು ಬಂದೂಕೂ ಇಲ್ಲದ ಮರದ ವಿಮಾನದಲ್ಲಿ ಹುಡುಗರನ್ನು ಜರ್ಮನಿಯ ಮೇಲೆ ಕಳಿಸಿದ್ದು ಸಾಯಲಿ ಅಂತಲೇ ಅಲ್ವಾ? ಆ ಮರ ನಮ್ಮ ಕಡೆಯ ಬಿಸಿಲು ಮಳೆಗೆ ತಡೆಯಿತಾ?

ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಬಂದೂಕು ಇಡದೆ ಹೋದದ್ದೇ ಅವರನ್ನು ಕಾಪಾಡಿತು. ಬ್ರಿಟನ್ನಿನದೇ ದೊಡ್ಡ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಏಳು ಜನ ಹೋಗುತ್ತಿದ್ದರು. ಬಂದೂಕು, ಗುಂಡು, ಅವನ್ನು ಹಾರಿಸುವವರು, ಎಲ್ಲ ಭಾರವನ್ನೂ ಹೊರಬೇಕಿತ್ತು. ಮಾಸ್ಕಿಟೋ ಮಾಡಿದ ಡಿ ಹ್ಯಾವಿಲೆಂಡ್ ಕಂಪನಿಯವರು ಅದಷ್ಟನ್ನೂ ಕೈಬಿಟ್ಟರು. ಎರಡು ಮರ್ಲಿನ್ ಎಂಜಿನ್, ಅಕ್ಕಪಕ್ಕ ಕೂತ ಪೈಲಟ್ ಮತ್ತು ನ್ಯಾವಿಗೇಟರ್, ಅಷ್ಟೇ. ಅಧಿಕಾರಿಗಳಲ್ಲಿ ಅನೇಕರು ಒಪ್ಪಲಿಲ್ಲ. ವಾಯುಪಡೆಯ ಹಿರಿಯ ಅಧಿಕಾರಿ ವಿಲ್ಫ್ರಿಡ್ ಫ್ರೀಮನ್ ಮಾತ್ರ ಗಟ್ಟಿಯಾಗಿ ಬೆನ್ನಿಗೆ ನಿಂತರು. 1940ರ ನವೆಂಬರ್ 25ರಂದು ಅದು ಮೊದಲ ಸಲ ಹಾರಿತು. ಮುಂದಿನ ವರ್ಷದ ಪರೀಕ್ಷೆಯಲ್ಲಿ ಗಂಟೆಗೆ ಸುಮಾರು 620 ಕಿ.ಮೀ. ಮುಟ್ಟಿತು. ಬ್ರಿಟನ್ನಿನ ಹೆಸರಾಂತ ಫೈಟರ್ ವಿಮಾನ ಸ್ಪಿಟ್‌ಫೈರ್‌ನ ಆಗಿನ ವೇಗಕ್ಕಿಂತ ಜಾಸ್ತಿ!

ಶತ್ರುವಿನ ಫೈಟರ್ ನೆಲದಿಂದೆದ್ದು ಅಷ್ಟು ಎತ್ತರ ಏರುವಷ್ಟರಲ್ಲಿ ಇದು ದಾಟಿ ಹೋಗಿರುತ್ತಿತ್ತು. 1943ರ ಜನವರಿ 30ರಂದು ಬೆಳಿಗ್ಗೆ 11ಕ್ಕೆ ಬರ್ಲಿನ್‌ನಲ್ಲಿ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ರೇಡಿಯೋ ಭಾಷಣವಿತ್ತು. ಸರಿಯಾಗಿ ಆ ಹೊತ್ತಿಗೆ ಮೂರು ಮಾಸ್ಕಿಟೋಗಳು ಹಾಡಹಗಲೇ ಬಂದು ಬಾಂಬ್ ಹಾಕಿದವು. ಮೂರೂ ವಾಪಸಾದವು. ಮಧ್ಯಾಹ್ನ ಪ್ರಚಾರ ಮಂತ್ರಿ ಗೋಬೆಲ್ಸ್ ಭಾಷಣಕ್ಕೆ ಇನ್ನು ಮೂರು ಹೋದವು. ಅವುಗಳಲ್ಲಿ ಒಂದು ಬರಲಿಲ್ಲ. ನಿಮ್ಮ ಆತಂಕ ಸುಮ್ನೆ ಬಂದದ್ದಲ್ಲ. ಮೊದಮೊದಲ ಹಗಲು ದಾಳಿಗಳಲ್ಲಿ ಸತ್ತವರು ಕಮ್ಮಿಯೇನಲ್ಲ. ಆದರೂ ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಅತಿ ಕಡಿಮೆ ನಷ್ಟದ ವಿಮಾನ ಇದೇ ಆಗಿತ್ತು.

ಇನ್ನು ಮರದ ವಿಷಯ. ತೆಳು ಬರ್ಚ್ ಪ್ಲೈವುಡ್‌ನ ಎರಡು ಪದರ, ನಡುವೆ ಹಗುರ ಬಾಲ್ಸಾ ಮರ. ಅವರೆಕಾಯಿ ಸುಲಿದ ಹಾಗೆ ಎರಡು ಹೋಳಾಗಿ ಒಡಲನ್ನು ಮಾಡುತ್ತಿದ್ದರು. ಹೋಳು ತೆರೆದಿರುವಾಗಲೇ ಒಳಗಿನ ವೈರು, ಪೈಪು ಜೋಡಿಸಿ, ಆಮೇಲೆ ಅಂಟು ಹಾಕಿ ಮುಚ್ಚುತ್ತಿದ್ದರು. ಪೀಠೋಪಕರಣ ಮಾಡುವ ಬಡಗಿಗಳಿಗೂ ಇದರಲ್ಲಿ ಕೆಲಸ ಸಿಕ್ಕಿತು.

ನಮ್ಮ ಯಲಹಂಕಕ್ಕೂ ಇವು ಬಂದಿದ್ದವು. ಬರ್ಮಾ ಯುದ್ಧಕ್ಕೆ ಹೋಗುವವರು 1944ರಲ್ಲಿ ಅಲ್ಲೇ ಮಾಸ್ಕಿಟೋ ಹಾರಿಸುವುದನ್ನು ಕಲಿತರು. ಆದರೆ ಅದೇ ವರ್ಷದ ಕೊನೆಗೆ ಭಾರತದಲ್ಲಿದ್ದ ಕೆಲವು ವಿಮಾನಗಳ ರೆಕ್ಕೆಯ ಅಂಟು ಬಿಟ್ಟುಕೊಂಡಿತು, ಜೀವಗಳೂ ಹೋದವು. ಕೆಲಕಾಲ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಇಲ್ಲಿನ ಸೆಕೆ, ತೇವದ ಮೇಲೆ ದೂರು ಬಂತು. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಕೀಲುಗಳು ಸರಿಯಾಗಿ ಕೂತಿಲ್ಲದ್ದೂ ತನಿಖೆಯಲ್ಲಿ ಕಂಡುಬಂತು.